ನಿಲ್ಲುವ ಬಲ ಮೊದಲು, ಓಡುವ ಬಲ ಆಮೇಲೆ

ಕಾರಿನ ಸಾಮರ್ಥ್ಯ ಹೆಚ್ಚಿಸುವ ಬಿಡಿಭಾಗಗಳ ಕುರಿತು ಅಭಿಮಾನಿಗಳ ನಡುವೆ ನಡೆಯುವ ಚರ್ಚೆ ಬಹುಮಟ್ಟಿಗೆ ಯಾವ ಕಂಪನಿಯದನ್ನು ಕೊಳ್ಳಬೇಕು ಎಂಬಲ್ಲಿಗೇ ಮುಗಿಯುತ್ತದೆ. ಕೊಂಡದ್ದನ್ನು ಯಾವುದರ ನಂತರ ಯಾವುದು ಎಂದು ಕೂರಿಸಬೇಕೆಂಬ ವಿಚಾರ ಗ್ಯಾರೇಜಿನ ಅನುಕೂಲಕ್ಕೆ ಬಿಟ್ಟುಹೋಗುತ್ತದೆ. ಆದರೆ ಅದೇ ಸಾಮಾನು, ಅದೇ ಖರ್ಚು, ಕ್ರಮ ತಪ್ಪಿದೊಡನೆ ಎರಡೆರಡು ಸಲದ ಕೂಲಿಗೂ ಅಪಾಯಕ್ಕೂ ದಾರಿಯಾಗುತ್ತದೆ. ಹಣವೋ ಉತ್ಸಾಹವೋ ಯಾವ ಹಂತದಲ್ಲಿ ಮುಗಿದರೂ ಅಲ್ಲಿಗೆ ಆ ಕಾರು ಕೊರತೆಯಿಲ್ಲದೆ ಓಡುವಂತಿರಬೇಕು ಎಂಬುದು ಉತ್ತಮ ಕ್ರಮದ ಒರೆಗಲ್ಲು.

ಈ ಒರೆಗಲ್ಲಿನ ಬೆಲೆ ಥಾಣೆ, ಡೊಂಬಿವಲಿ, ಕಲ್ಯಾಣ್, ನವಿಮುಂಬಯಿಗಳಲ್ಲಿ ಚೆನ್ನಾಗಿ ತಿಳಿಯುತ್ತದೆ. ಘೋಡ್‌ಬಂದರ್ ರಸ್ತೆಯಲ್ಲಿ ಟ್ರಕ್ಕುಗಳ ಹಿಂದೆ ತೆವಳುವ ಕಾರೇ ಕಲ್ಯಾಣ್–ಶಿಳ್ ರಸ್ತೆಯ ಹೊಂಡಗಳನ್ನೂ, ವಾಶಿಯಿಂದ ಬೇಲಾಪುರದವರೆಗಿನ ಪಾಮ್ ಬೀಚ್ ರಸ್ತೆಯ ಸರಾಗ ಓಟವನ್ನೂ, ಪುಣೆ ಎಕ್ಸ್‌ಪ್ರೆಸ್‌ವೇಯ ಖಂಡಾಲಾ ಘಾಟಿಯನ್ನೂ ಎದುರಿಸಬೇಕು; ಉಡುಪಿ, ಮಂಗಳೂರು ಕಡೆಯ ಮನೆಗಳವರದಾದರೆ ರಜೆಯಲ್ಲಿ ಪನ್ವೇಲಿನಿಂದ ರಾಷ್ಟ್ರೀಯ ಹೆದ್ದಾರಿ 66 ಹಿಡಿದು ಕೊಂಕಣದ ತಿರುವುಗಳುದ್ದಕ್ಕೂ ಊರು ಮುಟ್ಟಬೇಕು.

ಆದ್ದರಿಂದ ಮೊದಲ ಸ್ಥಾನ ಟಯರಿನದು. ಎಂಜಿನ್ನಿನ ಬಲವಾಗಲಿ ಬ್ರೇಕಿನ ಹಿಡಿತವಾಗಲಿ ರಸ್ತೆಯನ್ನು ಮುಟ್ಟುವುದು ಟಯರಿನ ಅಂಗೈಯಗಲದ ರಬ್ಬರಿನ ಮೂಲಕವೇ ಆದಕಾರಣ, ಸವೆದ ಟಯರಿನ ಮೇಲೆ ದುಬಾರಿ ಬ್ರೇಕ್ ಕೂರಿಸಿದರೆ ಚಕ್ರ ಬೇಗ ಜಾರತೊಡಗುತ್ತದೆಯೇ ಹೊರತು ಕಾರು ಬೇಗ ನಿಲ್ಲುವುದಿಲ್ಲ. ಬ್ರೇಕಿನ ಸರದಿ ಆನಂತರದ್ದು, ಅದರಲ್ಲಿಯೂ ದೊಡ್ಡ ಡಿಸ್ಕಿಗಿಂತ ಮೊದಲು ಪ್ಯಾಡ್ ಮತ್ತು ಬ್ರೇಕ್ ಆಯಿಲ್. ಡಾಟ್ 4 ದರ್ಜೆಯ ಹೊಸ ಆಯಿಲಿನ ಕುದಿಬಿಂದು ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ಇರಬೇಕೆಂಬುದು ನಿಯಮ. ಗಾಳಿಯ ತೇವವನ್ನು ಹೀರಿ ಅದರಲ್ಲಿ ಸುಮಾರು ಶೇ 3.7ರಷ್ಟು ನೀರು ಸೇರಿದಾಗ ಈ ಕನಿಷ್ಠ ಮಿತಿ 155ಕ್ಕೆ ಇಳಿಯುತ್ತದೆ. ಖಾಡಿಯ ದಂಡೆಯ ಊರುಗಳಲ್ಲಿ ಮಳೆಗಾಲಗಳನ್ನು ಕಳೆದ ಹಳೆಯ ಆಯಿಲು ಘಾಟಿ ಇಳಿಯುವಾಗಿನ ಕಾವಿಗೆ ಕುದಿದು ಆವಿಯ ಗುಳ್ಳೆ ಕಟ್ಟಿದರೆ ಪೆಡಲ್ ಮೆತ್ತಗಾಗಿ ಒಳಗೆ ಹೋಗುತ್ತದೆ.

ಮೂರನೆಯದು ಸಸ್ಪೆನ್ಷನ್. ಸ್ಪ್ರಿಂಗ್, ಅದರ ಕುಣಿತವನ್ನು ತಡೆಯುವ ಶಾಕ್ ಅಬ್ಸಾರ್ಬರ್, ಕೀಲುಗಳಲ್ಲಿನ ರಬ್ಬರ್ ಬುಷ್, ಮೇಲಿನ ಮೌಂಟ್ ಇವೆಲ್ಲವನ್ನೂ ಒಂದೇ ಸಲ ಬಿಚ್ಚಬೇಕಾಗುವುದರಿಂದ ಒಂದೇ ಸಲ ಬದಲಿಸುವುದು ಲಾಭಕರ. ವೀಲ್ ಅಲೈನ್‌ಮೆಂಟ್ ಎಂಬ ಚಕ್ರಗಳ ಕೋನ ಹೊಂದಿಸುವ ಕೆಲಸ ಎಲ್ಲ ಮುಗಿದ ಮೇಲೆ ಒಮ್ಮೆ ಸಾಕು. ಇದಕ್ಕೆ ವಿರುದ್ಧವಾಗಿ, ಎಂಜಿನ್ನಿಗೆ ಸಂಬಂಧಿಸಿದ ಎರಡು ಬದಲಾವಣೆಗಳನ್ನು ಒಟ್ಟಿಗೆ ಮಾಡಿದರೆ ಲಾಭವಾಗಲಿ ತೊಂದರೆಯಾಗಲಿ ಯಾವುದರಿಂದ ಬಂತೆಂದು ಹೇಳಲಾಗುವುದಿಲ್ಲ. ಹೀಗಾಗಿ ಕೂಲಿ ಒಂದೇ ಆಗುವಂಥವುಗಳನ್ನು ಜೋಡಿಸುವುದು, ಪರಿಣಾಮವನ್ನು ಅಳೆಯಬೇಕಾದಂಥವುಗಳನ್ನು ಬಿಡಿಸುವುದು ಯೋಜನೆಯ ಮುಖ್ಯ ಸೂತ್ರವಾಗುತ್ತದೆ.

ಎಂಜಿನ್ನಿನ ಕೆಲಸ ಸರ್ವೀಸಿನಿಂದಲೇ ಆರಂಭವಾಗಬೇಕು. ಸ್ಪಾರ್ಕ್ ಪ್ಲಗ್, ಕೂಲೆಂಟ್, ಎಂಜಿನ್ ಮೌಂಟುಗಳನ್ನು ಸರಿಪಡಿಸಿ, ಒಳಬರುವ ಗಾಳಿಯ ತಾಪಮಾನ ಮೊದಲಾದ ಅಂಕಿಗಳನ್ನು ದಾಖಲಿಸಿಕೊಂಡರೆ ಮುಂದಿನ ಹೋಲಿಕೆಗೆ ಆಧಾರ ಸಿಗುತ್ತದೆ. ಅನಂತರ ಟರ್ಬೊ ಒತ್ತಿದ ಗಾಳಿಯನ್ನು ತಣಿಸುವ ಇಂಟರ್‌ಕೂಲರ್, ಆಮೇಲೆ ಗಾಳಿ ಒಳಬರುವ ಮತ್ತು ಹೊಗೆ ಹೊರಹೋಗುವ ದಾರಿಗಳು, ಎಲ್ಲಕ್ಕೂ ಕೊನೆಗೆ ರೀಮ್ಯಾಪ್. ಇಂಧನ, ಕಿಡಿ ಹಾರುವ ಕ್ಷಣ, ಟರ್ಬೊ ಒತ್ತಡಗಳನ್ನು ನಿರ್ಧರಿಸುವ ಇಸಿಯು ಎಂಬ ಕಂಪ್ಯೂಟರಿನ ಲೆಕ್ಕವನ್ನು ತಿದ್ದುವ ಈ ಕೆಲಸವನ್ನು ಅತಿ ಸುಲಭವೆಂದು ಅನೇಕರು ಮೊದಲೇ ಮಾಡಿಸಿ, ಭಾಗಗಳು ಬದಲಾದ ಮೇಲೆ ಮತ್ತೊಮ್ಮೆ ಹಣ ತೆರುತ್ತಾರೆ.

ಗೇರ್‌ಬಾಕ್ಸಿನ ಮಿತಿಯನ್ನು ಮಾತ್ರ ಯೋಜನೆಯ ಆರಂಭದಲ್ಲೇ ತಿಳಿದಿರಬೇಕು. 2013ರಲ್ಲಿ ಭಾರತಕ್ಕೆ ಬಂದ, ಅಭಿಮಾನಿಗಳಿಗೆ ಇಂದಿಗೂ ಪ್ರಿಯವಾದ ಫೋಕ್ಸ್‌ವ್ಯಾಗನ್ ಪೋಲೊ ಜಿಟಿ ಟಿಎಸ್‌ಐ ಕಾರಿನ 1.2 ಲೀಟರ್ ಎಂಜಿನ್ 105 ಅಶ್ವಶಕ್ತಿಯನ್ನೂ 175 ನ್ಯೂಟನ್ ಮೀಟರ್ ಟಾರ್ಕನ್ನೂ, ಅಂದರೆ ತಿರುಗಿಸುವ ಬಲವನ್ನೂ, ಕೊಡುತ್ತಿತ್ತು. ಅದರ ಏಳು ಗೇರಿನ ಡ್ರೈ ಕ್ಲಚ್ ಡಿಎಸ್‌ಜಿ ಗೇರ್‌ಬಾಕ್ಸ್ 250 ನ್ಯೂಟನ್ ಮೀಟರಿನವರೆಗೆ ತಾಳುವಂತೆ ರೂಪಿತವಾದದ್ದು. ಈ ಎರಡು ಅಂಕಿಗಳ ನಡುವಿನ ಅಂತರವನ್ನು ಪೂರ್ತಿ ಬಳಸಿಬಿಟ್ಟರೆ, ನಿಂತು ತೆವಳುವ ಥಾಣೆಯ ಸಂಚಾರದಲ್ಲಿ ಕ್ಲಚ್ಚಿನ ಬಾಳಿಕೆಗೆ ಉಳಿಯುವುದು ಕಡಿಮೆ.

ಕಾನೂನಿನ ವಿಚಾರವನ್ನು ಯಾವ ಭಾಗಕ್ಕೂ ಮುಂಗಡ ಕೊಡುವ ಮೊದಲೇ ತಿಳಿದುಕೊಳ್ಳಬೇಕು. ನೋಂದಣಿ ಪತ್ರದ ವಿವರಗಳು ತಯಾರಕರ ಮೂಲ ನಿರ್ದಿಷ್ಟತೆಯಿಂದ ಬೇರೆಯಾಗುವಂಥ ಮಾರ್ಪಾಡನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ನಿಷೇಧಿಸುತ್ತದೆ. ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯು ಅನುಮತಿಯಿಲ್ಲದ ಒಂದೊಂದು ಮಾರ್ಪಾಡಿಗೂ ಮಾಲೀಕರಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗಿನ ಸೆರೆ ಅಥವಾ ಎರಡನ್ನೂ ವಿಧಿಸಲು ಅವಕಾಶ ಕೊಟ್ಟಿತು. ಹೊಗೆಯ ವಿಷವನ್ನು ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರನ್ನು ತೆಗೆಸುವ ವಿಚಾರ ಯಾವ ಪಟ್ಟಿಯಲ್ಲೂ ಇರಬಾರದು. ಮಾರ್ಪಾಡುಗಳನ್ನು ವಿಮಾ ಕಂಪನಿಗೆ ತಿಳಿಸದಿದ್ದರೆ ಅಪಘಾತದ ದಿನ ಪರಿಹಾರಕ್ಕೇ ತಕರಾರು ಬರಬಹುದು.

ಕೊನೆಯ ನಿರ್ಣಾಯಕ ಮುಂಗಾರು. 2005ರ ಜುಲೈ 26ರ ಪ್ರಳಯವನ್ನು ಬಿಟ್ಟರೂ ಇಲ್ಲಿನ ತಗ್ಗು ರಸ್ತೆಗಳಲ್ಲಿ ಪ್ರತಿ ಮಳೆಗಾಲವೂ ನೀರು ನಿಲ್ಲುತ್ತದೆ; ಬಂಪರಿನ ಬಳಿ ಕೆಳಕ್ಕಿಳಿಸಿದ ಗಾಳಿಕೊಳವೆ ಆ ನೀರನ್ನು ಎಳೆದುಕೊಂಡರೆ, ಕುಗ್ಗದ ನೀರನ್ನು ಪಿಸ್ಟನ್ ಒತ್ತಲು ಹೋಗಿ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಆದುದರಿಂದ ಟಯರ್ ಮತ್ತು ಬ್ರೇಕ್ ಕೆಲಸ ಮೇ ತಿಂಗಳೊಳಗೆ, ಹೊಂಡಗಳ ಕಾಲ ಮುಗಿದ ಅಕ್ಟೋಬರಿನಲ್ಲಿ ಸಸ್ಪೆನ್ಷನ್, ಚಳಿಗಾಲದಲ್ಲಿ ಎಂಜಿನ್ ಎಂಬುದು ಈ ಪ್ರದೇಶಕ್ಕೆ ಒಪ್ಪುವ ಪಂಚಾಂಗ. ಸಸ್ಪೆನ್ಷನ್ ಮುಗಿಸಿದ ಕಾರಿನಲ್ಲಿ ಒಮ್ಮೆ ಊರಿಗೆ ಹೋಗಿಬಂದವರಲ್ಲಿ ಹಲವರಿಗೆ ರೀಮ್ಯಾಪಿನ ಅಗತ್ಯವೇ ಕಾಣದಿರಬಹುದು. ಆ ಉಳಿತಾಯವೂ ಸರಿಯಾದ ಕ್ರಮದ ಫಲವೇ.