ಹಾಸಿಗೆ ಪಕ್ಕ ನಿಂತವರ ಮಾತು

ಇಸ್ಲಾಮಿಕ್ ವೈದ್ಯಕೀಯದ ಮೊದಲ ಅಂತಾರಾಷ್ಟ್ರೀಯ ಸಮ್ಮೇಳನ 1981ರ ಜನವರಿಯಲ್ಲಿ ಕುವೈತಿನಲ್ಲಿ ನಡೆಯಿತು. ಅಲ್ಲಿ ಒಪ್ಪಿಗೆ ಪಡೆದ ವೈದ್ಯಕೀಯ ನೀತಿಸಂಹಿತೆಗೆ ‘ಕುವೈತ್ ದಸ್ತಾವೇಜು’ ಎಂದೇ ಹೆಸರು. ಈಜಿಪ್ಟಿನಿಂದ ಬಂದು ಕುವೈತಿನಲ್ಲಿ ಕೆಲಸ ಮಾಡಿದ ಪ್ರಸೂತಿತಜ್ಞ ಹಸನ್ ಹತೂತ್ ಅದರ ಹಿಂದಿದ್ದವರಲ್ಲಿ ಪ್ರಮುಖರು. ರಾಜಧಾನಿಯ ಪಶ್ಚಿಮಕ್ಕಿರುವ ಜಹ್ರಾದ ಸರ್ಕಾರಿ ಆಸ್ಪತ್ರೆಯಂಥ ಕಡೆ ಇದನ್ನು ಇಟ್ಟು ನೋಡಿದರೆ ಅದರ ಗಟ್ಟಿತನವೂ ಕೊರತೆಯೂ ಒಟ್ಟಿಗೇ ಕಾಣುತ್ತವೆ.

ಗಟ್ಟಿತನದ ಮಾತು ಮೊದಲು. ದಯಾಮರಣವನ್ನು ಸಂಹಿತೆ ಒಪ್ಪುವುದಿಲ್ಲ. ಜೀವ ತೆಗೆಯುವ ಕೈ ವೈದ್ಯನದಾಗಬಾರದು. ಆದರೆ ಬದುಕು ಮರಳಿ ಬಾರದೆಂದು ವಿಜ್ಞಾನ ಖಚಿತವಾಗಿ ಹೇಳಿದ ಮೇಲೆ ಯಂತ್ರ ಹಚ್ಚಿ ಸಾವನ್ನು ಎಳೆಯುತ್ತ ಕೂರುವುದು ವೈದ್ಯನ ಕೆಲಸವಲ್ಲ ಎಂದೂ ಅದು ಹೇಳುತ್ತದೆ. ಧರ್ಮದ ಹೆಸರಲ್ಲಿ ಬರೆದದ್ದು ಎಂದರೆ ವೆಂಟಿಲೇಟರ್ ಬಿಡಲು ಒಪ್ಪದ ಹಟ ಇರುತ್ತದೆ ಅಂದುಕೊಂಡವರಿಗೆ ಇದು ಅಚ್ಚರಿ. ನಮ್ಮ ಸುಪ್ರೀಂ ಕೋರ್ಟ್ ಘನತೆಯ ಸಾವಿನ ಹಕ್ಕನ್ನು ಎತ್ತಿಹಿಡಿದದ್ದು 2018ರಲ್ಲಿ ಎಂಬುದನ್ನು ನೆನೆದರೆ, ಸಂಹಿತೆ ಬರೆದವರ ಧೈರ್ಯ ಮೆಚ್ಚಬೇಕು.

ಕೊರತೆ ಬೇರೆ ಕಡೆ ಇದೆ. ಸಂಹಿತೆಯ ಪ್ರಮಾಣವಚನ ವೈದ್ಯನದು, ಗುಣ ಹೇಳುವ ಅಧ್ಯಾಯ ವೈದ್ಯನದು, ಹೊಣೆಯೂ ವೈದ್ಯನದೇ. ದಾದಿಗೆ ತನ್ನದೇ ಒಂದು ಅಧ್ಯಾಯವಿಲ್ಲ. ಕುವೈತಿನ ಆಸ್ಪತ್ರೆಗಳಲ್ಲಿ ದಾದಿಯರಾಗಿ ದುಡಿಯುವವರಲ್ಲಿ ಭಾರತೀಯರು ಬಹಳ. ಕೇರಳದವರೇ ಹೆಚ್ಚು, ನಮ್ಮ ಕರಾವಳಿಯವರೂ ಇದ್ದಾರೆ. ಅನೇಕರು ಕ್ರೈಸ್ತರು, ಹಿಂದೂಗಳು. ಕೊನೆಯುಸಿರಿನಲ್ಲಿರುವ ರೋಗಿಯನ್ನು ಬಲ ಮಗ್ಗುಲಿಗೆ ತಿರುಗಿಸಿ ಮುಖವನ್ನು ಕಿಬ್ಲಾದ (ಮೆಕ್ಕಾದ) ಕಡೆಗೆ, ಎಂದರೆ ಕುವೈತಿನಿಂದ ನೈಋತ್ಯಕ್ಕೆ, ಮಾಡಬೇಕೆಂದು ಮನೆಯವರು ಕೇಳುತ್ತಾರೆ. ಡ್ರಿಪ್ಪಿನ ನಳಿಕೆ, ಆಮ್ಲಜನಕದ ಮಾಸ್ಕ್, ಕ್ಯಾಥೆಟರ್ ಎಲ್ಲ ಕಳಚದಂತೆ ತಿರುಗಿಸಬೇಕಾದವಳು ದಾದಿ. ಕಿವಿಯಲ್ಲಿ ಶಹಾದಾ ಎಂಬ ವಿಶ್ವಾಸವಚನ ಹೇಳುವ ಮಗನಿಗೆ ಜಾಗ ಬಿಡಬೇಕು, ಮಾನಿಟರಿನ ಮೇಲೂ ಕಣ್ಣಿರಬೇಕು. ಆ ಗಳಿಗೆಯ ಅಧ್ಯಾತ್ಮವನ್ನು ನಡೆಸಿಕೊಡುವವಳಿಗೆ ಆ ಧರ್ಮ ತನ್ನದಲ್ಲ. ಇದರ ಬಗ್ಗೆ ಸಂಹಿತೆ ಮೌನ.

ಈ ಮೌನ ಕುವೈತಿನದಷ್ಟೇ ಅಲ್ಲ, ನಮ್ಮದೂ ಹೌದು; ಒಮ್ಮೆ ಅದು ಮುರಿದದ್ದೂ ಉಂಟು. ಹೊನ್ನಾವರ ತಾಲ್ಲೂಕು ಹಳದೀಪುರದ ಅರುಣಾ ಶಾನಭಾಗ ಮುಂಬೈಯ ಕೆಇಎಂ ಆಸ್ಪತ್ರೆಯಲ್ಲಿ ದಾದಿಯಾಗಿದ್ದರು. 1973ರಲ್ಲಿ ವಾರ್ಡ್‌ಬಾಯ್ ನಡೆಸಿದ ಹಲ್ಲೆಯಿಂದ ಪ್ರಜ್ಞೆ ಕಳೆದುಕೊಂಡ ಅವರನ್ನು 2015ರ ಮೇ ತಿಂಗಳಲ್ಲಿ ತೀರಿಕೊಳ್ಳುವವರೆಗೂ ನೋಡಿಕೊಂಡವರು ಅಲ್ಲಿನ ದಾದಿಯರೇ. ಆಹಾರ ನಿಲ್ಲಿಸಲು ಅನುಮತಿ ಕೋರಿದ ಅರ್ಜಿಯನ್ನು 2011ರಲ್ಲಿ ತಳ್ಳಿದ ಸುಪ್ರೀಂ ಕೋರ್ಟ್, ಅರುಣಾ ಪರವಾಗಿ ಮಾತಾಡುವ ಹಕ್ಕು ಅರ್ಜಿದಾರರಿಗಿಂತ ಕೆಇಎಂ ಸಿಬ್ಬಂದಿಗೆ ಇದೆಯೆಂದಿತು. ಆ ತೀರ್ಪನ್ನು ಒಪ್ಪದವರಿದ್ದಾರೆ. ಆದರೆ ದಿನವೂ ಮೈ ಒರೆಸಿ ಉಣ್ಣಿಸಿದವರ ಮಾತಿಗೆ ತೂಕ ಕೊಟ್ಟದ್ದು ಸರಿ ಎಂದೇ ನನ್ನ ಅಭಿಪ್ರಾಯ.

ಅಷ್ಟಾದರೂ ನಾವು ಕಲಿತದ್ದು ಕಡಿಮೆ. ಘನತೆಯ ಸಾವಿನ ತೀರ್ಪನ್ನು ಜಾರಿಗೆ ತರಲು ಕರ್ನಾಟಕ 2025ರ ಜನವರಿಯಲ್ಲಿ ಆದೇಶ ಹೊರಡಿಸಿತು. ಜೀವಾಧಾರ ಚಿಕಿತ್ಸೆ ನಿಲ್ಲಿಸಬಹುದೇ ಎಂದು ತೀರ್ಮಾನಿಸುವ ಅದರ ಎರಡು ಹಂತದ ಮಂಡಳಿಗಳಲ್ಲೂ ಕೂರುವವರು ವೈದ್ಯರು ಮಾತ್ರ. ಕುವೈತಿನ ಸಂಹಿತೆ ತಿದ್ದುವ ಅಧಿಕಾರ ನಮಗಿಲ್ಲ. ಆದರೆ ನಮ್ಮ ಮಂಡಳಿಗಳು ತೀರ್ಮಾನಿಸುವ ಮುನ್ನ ವಾರ್ಡಿನ ದಾದಿಯನ್ನು ಕರೆದು ಕೇಳಲಿ. ಅದಕ್ಕೆ ಕಾನೂನಿನ ಅಡ್ಡಿಯೇನೂ ಇಲ್ಲ.