ರೈಲುಮಾರ್ಗ ನಿರ್ಮಾಣದಲ್ಲಿ ಲೀನ್ ಪದ್ಧತಿ : ಒಂದು ವಿಮರ್ಶೆ

ರೈಲುಮಾರ್ಗಗಳ ನಿರ್ಮಾಣಕ್ಕೆ 'ಲೀನ್' ಪದ್ಧತಿಯನ್ನು ಅನ್ವಯಿಸಿದಲ್ಲಿ ಕಾಲವೂ ಹಣವೂ ಉಳಿಯುವುವೆಂಬ ಮಾತು ಈಚೆಗೆ ಹೆಚ್ಚಾಗಿ ಕೇಳಿಬರುತ್ತಿದೆ. ಇದರಲ್ಲಿ ಇತಿಹಾಸದ ಅಧ್ಯಾಪಕರಿಗೇನು ಅಧಿಕಾರವೆಂದು ವಾಚಕರು ಕೇಳಬಹುದು. ಒಂದು ಪದ್ಧತಿಯು ಎಲ್ಲಿ ಹುಟ್ಟಿತು, ಹುಟ್ಟಿದೆಡೆಯ ಯಾವ ಯಾವ ಗ್ರಹಿಕೆಗಳನ್ನು ತನ್ನೊಡನೆ ಹೊತ್ತು ತಂದಿತು ಎಂಬುದನ್ನು ಅರಸುವುದು ಇತಿಹಾಸದ ಕೆಲಸವೇ ಆಗಿದೆ. ಅಷ್ಟರಮಟ್ಟಿನ ಅಧಿಕಾರವನ್ನು ಮಾತ್ರ ನಾವು ಇಲ್ಲಿ ಬಳಸಿಕೊಳ್ಳುತ್ತೇವೆ.

ಎರಡನೆಯ ಮಹಾಯುದ್ಧದ ತರುವಾಯ ಬಂಡವಾಳದ ಕೊರತೆಯಲ್ಲಿದ್ದ ಜಪಾನಿನ ಟೊಯೊಟಾ ಕಾರ್ಖಾನೆಯಲ್ಲಿ ತಾಯಿಚಿ ಓನೋ ಮೊದಲಾದವರು ರೂಪಿಸಿದ ಉತ್ಪಾದನಾಕ್ರಮವೇ ಇದರ ಮೂಲ. ಬೇಕಾದ ವಸ್ತು ಬೇಕಾದ ಹೊತ್ತಿಗೆ ಬೇಕಾದಷ್ಟೇ ಬರಬೇಕು, ಉಳಿದುದೆಲ್ಲವೂ ಪೋಲು. ಓನೋ ಎಣಿಸಿದ ಏಳು ಬಗೆಯ ಪೋಲುಗಳಲ್ಲಿ ಕಾಯುವಿಕೆಯೂ ಒಂದು ಎಂಬುದನ್ನು ವಾಚಕರು ನೆನಪಿನಲ್ಲಿಡಬೇಕು. 'ಲೀನ್' ಎಂಬ ಹೆಸರು 1988ರಲ್ಲಿ ಅಮೆರಿಕದಲ್ಲಿ ಬಂದುದು. 1992ರಲ್ಲಿ ಲೌರಿ ಕೊಸ್ಕೆಲಾ ಎಂಬ ಫಿನ್ಲೆಂಡಿನ ವಿದ್ವಾಂಸರು ಸ್ಟಾನ್‌ಫರ್ಡ್ ವಿಶ್ವವಿದ್ಯಾಲಯದಿಂದ ಪ್ರಕಟವಾದ ವರದಿಯೊಂದರಲ್ಲಿ ಇದನ್ನು ಕಟ್ಟಡದ ಕೆಲಸಕ್ಕೆ ತಂದರು. ಬಳಿಕ ಗ್ಲೆನ್ ಬ್ಯಾಲರ್ಡರು 'ಲಾಸ್ಟ್ ಪ್ಲ್ಯಾನರ್' ಎಂಬ ಕ್ರಮವನ್ನು ಬೆಳೆಸಿದರು. ಕೆಲಸದ ಸ್ಥಳದಲ್ಲಿ ಆಳುಗಳನ್ನು ನಡೆಸುವ ಮೇಸ್ತ್ರಿಯೇ ಕೊನೆಯ ಯೋಜಕನು. ಸಾಮಗ್ರಿ, ನಕ್ಷೆ, ಸ್ಥಳ, ಅನುಮತಿ ಇವೆಲ್ಲವೂ ಒದಗಿದ ಹೊರತು ಅವನು ಯಾವ ಕೆಲಸವನ್ನೂ ವಾರದ ಪಟ್ಟಿಗೆ ಸೇರಿಸಕೂಡದು ಎಂಬುದು ಅದರ ತಿರುಳು. ನಮ್ಮ ಅಭಿಪ್ರಾಯದಲ್ಲಿ ಇಡೀ ಪದ್ಧತಿಯಲ್ಲಿ ಅತ್ಯಂತ ಬೆಲೆಯುಳ್ಳ ಭಾಗ ಇದೇ. ಇದನ್ನು ಹೊಗಳುವವರು ಅತ್ಯಂತ ಕಡಮೆಯಾಗಿ ಗಮನಿಸುವ ಭಾಗವೂ ಇದೇ.

ಕಾರ್ಖಾನೆಗೆ ಮಾಡುಂಟು, ಘಟ್ಟಕ್ಕೆ ಇಲ್ಲ. ಮಳೆಯೂ ಮಣ್ಣೂ ಯಾವ ಪಟ್ಟಿಗೂ ಅಡಗುವುದಿಲ್ಲ ಎಂಬುದಕ್ಕೆ ಕೊಂಕಣ ರೈಲುಮಾರ್ಗವೇ ನಿದರ್ಶನ. 1990ರಲ್ಲಿ ನಿಗಮವು ಸ್ಥಾಪಿತವಾಯಿತು; ಐದು ವರ್ಷಗಳಲ್ಲಿ ಮುಗಿಸುವ ಗುರಿ ಇದ್ದಿತು; ರೋಹಾದಿಂದ ಮಂಗಳೂರಿನವರೆಗಿನ ಸುಮಾರು 740 ಕಿಲೋಮೀಟರುಗಳ ಮಾರ್ಗ ಪೂರ್ಣವಾಗಿ ತೆರೆದುದು 1998ರ ಜನವರಿಯಲ್ಲಿ. ಅಧ್ಯಕ್ಷರಾಗಿದ್ದ ಇ. ಶ್ರೀಧರನ್ ಅವರು ಉಳಿದ ದಿನಗಳನ್ನು ಹಿಮ್ಮುಖವಾಗಿ ಎಣಿಸುವ ಗಡಿಯಾರಗಳನ್ನು ತೂಗುಹಾಕಿಸಿದ್ದು ಪ್ರಸಿದ್ಧವೇ ಆಗಿದೆ. ಲೀನ್ ಎಂಬ ಹೆಸರಿಲ್ಲದೆಯೇ ಅದರ ಕೆಲವು ಗುಣಗಳು ಅಲ್ಲಿದ್ದುವು: ಮಾರ್ಗವನ್ನು ವಿಭಾಗಗಳಾಗಿ ಒಡೆದು ಸ್ಥಳದಲ್ಲಿಯೇ ನಿರ್ಧಾರ ಕೈಕೊಳ್ಳಬಲ್ಲ ಎಂಜಿನಿಯರುಗಳನ್ನು ನೇಮಿಸಿದರು, ಮುಗಿದ ತುಂಡುಗಳನ್ನು, ಮಂಗಳೂರು–ಉಡುಪಿ ಭಾಗವನ್ನು 1993ರಲ್ಲಿಯೇ, ಸಂಚಾರಕ್ಕೆ ತೆರೆದರು. ಆದರೆ ಗೋವೆಯ ಪೆರ್ನೆಂ ಸುರಂಗದಲ್ಲಿ ಮೆತ್ತನೆಯ ಮಣ್ಣು ಮತ್ತೆ ಮತ್ತೆ ಕುಸಿಯಿತು. ಎರಡೂ ಕಡೆಗಳ ಮಾರ್ಗ ಸಿದ್ಧವಾಗಿ ಆ ಸುರಂಗಕ್ಕಾಗಿ ಕಾಯಬೇಕಾಯಿತು. ಗಡಿಯಾರವು ಮನುಷ್ಯರನ್ನು ಅವಸರಪಡಿಸಬಲ್ಲುದು, ಮಣ್ಣನ್ನು ಅವಸರಪಡಿಸಲಾರದು.

ಇನ್ನೊಂದು ಸಂಗತಿ. 2003ರ ಜೂನ್ 22ರಂದು ವೈಭವವಾಡಿಯ ಬಳಿ ಕುಸಿದ ಬಂಡೆಗಳಿಗೆ ರೈಲು ಡಿಕ್ಕಿ ಹೊಡೆದು 50ಕ್ಕೂ ಹೆಚ್ಚು ಜನ ಸತ್ತರು. ಮರುವರ್ಷದ ಜೂನಿನಲ್ಲಿ ಮತ್ಸ್ಯಗಂಧಾ ಎಕ್ಸ್‌ಪ್ರೆಸ್ಸಿಗೂ ಅಂಥದೇ ಗತಿಯಾಯಿತು. ನಿರ್ಮಾಣದ ವೇಗವೇ ಇದಕ್ಕೆ ಕಾರಣವೆಂದು ನಾವು ವಾದಿಸುತ್ತಿಲ್ಲ. ಆದರೆ ಕಡಿದಾದ ಪಾರ್ಶ್ವಗಳನ್ನು ಇಳಿಜಾರು ಮಾಡುವುದು, ಬಲೆ ಹಾಸುವುದು ಮುಂತಾದ ಎಷ್ಟೋ ಕೆಲಸಗಳು ಮಾರ್ಗ ತೆರೆದ ಮೇಲೆ ನಡೆದುವು. ಮುಗಿದ ಕೆಲಸಕ್ಕೆ ಮತ್ತೆ ಕೈಹಾಕುವುದನ್ನು ಲೀನ್ ಶಾಸ್ತ್ರವೇ ದೊಡ್ಡ ಪೋಲೆಂದು ಎಣಿಸುತ್ತದೆ. ಹಾಗಿದ್ದಲ್ಲಿ ಉದ್ಘಾಟನೆಯ ದಿನಕ್ಕೆ ಲೆಕ್ಕ ಮುಗಿಸುವುದು ಹೇಗೆ ಸರಿಯಾದೀತು?

ಈಗ ಜೋಯಿಡಾ ತಾಲ್ಲೂಕಿಗೆ ಬರೋಣ. ಚನ್ನಬಸವಣ್ಣನವರ ಸಮಾಧಿಯಿರುವ ಉಳವಿಗೆ ಇಂದಿಗೂ ರೈಲಿಲ್ಲ. ಭಾರತ ಹುಣ್ಣಿಮೆಯ ಜಾತ್ರೆಗೆ ಧಾರವಾಡ, ಬೆಳಗಾವಿಯ ಕಡೆಯ ಭಕ್ತರು ಚಕ್ಕಡಿ ಕಟ್ಟಿಕೊಂಡು ಬರುವ ಪದ್ಧತಿ ಉಳಿದುಬಂದಿದೆ. ಅದೇ ತಾಲ್ಲೂಕಿನ ಕ್ಯಾಸಲ್‌ರಾಕಿಗಾದರೋ ಮುರಗಾಂವ್ ಬಂದರಿನ ಮಾರ್ಗ 1880ರ ದಶಕದಲ್ಲಿಯೇ ಘಟ್ಟ ಹತ್ತಿ ಬಂದಿತು. 37 ಅಡಿಗೆ ಒಂದು ಅಡಿ ಏರುವ ಆ ಮಾರ್ಗದಲ್ಲಿ ಹೆಚ್ಚಿನ ಎಂಜಿನುಗಳಿಲ್ಲದೆ ಭಾರದ ಗಾಡಿ ಏರದು. ತಿನೈಘಾಟ್–ಕ್ಯಾಸಲ್‌ರಾಕ್–ಕುಲೇಂ ಭಾಗವನ್ನು ಜೋಡಿಮಾರ್ಗ ಮಾಡಲು ರಾಷ್ಟ್ರೀಯ ವನ್ಯಜೀವಿ ಮಂಡಳಿಯ ಸ್ಥಾಯೀಸಮಿತಿ ಕೊಟ್ಟಿದ್ದ ಒಪ್ಪಿಗೆಯನ್ನು ಸರ್ವೋಚ್ಚ ನ್ಯಾಯಾಲಯವು 2022ರ ಮೇ 9ರಂದು ರದ್ದುಪಡಿಸಿತು. ಜೀವವೈವಿಧ್ಯದ ಮೇಲಾಗುವ ಪರಿಣಾಮವನ್ನು ವಿವರವಾಗಿ ಅಭ್ಯಸಿಸಿ ಹೊಸದಾಗಿ ಪ್ರಸ್ತಾವ ಸಲ್ಲಿಸುವ ಅವಕಾಶವನ್ನು ಮಾತ್ರ ಉಳಿಸಿತು. ಈ ಕಾಯುವಿಕೆಯನ್ನು ಯಾವ ಖಾತೆಗೆ ಬರೆಯಬೇಕು? ಓನೋ ಅವರ ಪಟ್ಟಿಯನ್ನು ಅಕ್ಷರಶಃ ಹಿಡಿದರೆ ಇದು ಪೋಲು. ಆದರೆ ಕಾರ್ಖಾನೆಯಲ್ಲಿ ಯಂತ್ರವು ಬಿಡಿಭಾಗಕ್ಕಾಗಿ ಕಾಯುವುದೂ, ಒಂದು ಕಾಡಿನ ಹಕ್ಕುಬಾಧ್ಯತೆ ಇತ್ಯರ್ಥವಾಗಲೆಂದು ಕಾಯುವುದೂ ಒಂದೇ ಜಾತಿಯವಲ್ಲ. ಎರಡನೆಯದು ಸಮಾಜವು ವಿಚಾರಮಾಡುವ ಹೊತ್ತು.

ಹುಬ್ಬಳ್ಳಿ–ಅಂಕೋಲಾ ಮಾರ್ಗದ ಕಥೆಯಲ್ಲಿ ಪದ್ಧತಿಯು ತನ್ನ ಪ್ರತಿಪಾದಕರಿಗೇ ವಿರುದ್ಧವಾಗಿ ಸಾಕ್ಷಿ ನುಡಿಯುತ್ತದೆ. 1996–97ರ ರೈಲ್ವೆ ಆಯವ್ಯಯದಲ್ಲಿ ಮಂಜೂರಾದ ಈ ಸುಮಾರು 164 ಕಿಲೋಮೀಟರುಗಳ ಯೋಜನೆಯಲ್ಲಿ, ಘಟ್ಟದ ಅರಣ್ಯಭೂಮಿಗೆ ಅನುಮತಿ ದೊರೆಯುವ ಮೊದಲೇ ಹುಬ್ಬಳ್ಳಿಯ ಕಡೆಯ ಬಯಲಿನಲ್ಲಿ ಮಣ್ಣಿನ ಕೆಲಸ ಆರಂಭವಾಯಿತು. 2020ರ ಮಾರ್ಚಿನಲ್ಲಿ ರಾಜ್ಯ ವನ್ಯಜೀವಿ ಮಂಡಳಿ ಯೋಜನೆಗೆ ಒಪ್ಪಿತು. ಜೂನಿನಲ್ಲಿ ಉಚ್ಚ ನ್ಯಾಯಾಲಯ ತಡೆಯಾಜ್ಞೆ ನೀಡಿತು. ತಡಕ್ಕೆ ಪರಿಸರವಾದಿಗಳೇ ಹೊಣೆಯೆಂಬ ಮಾತು ಆ ಭಾಗದಲ್ಲಿ ಬಹಳ ಪ್ರಚಾರದಲ್ಲಿದೆ. ಹುಬ್ಬಳ್ಳಿಯ ವ್ಯಾಪಾರಿಗೂ ಕರಾವಳಿಯ ರೈತನಿಗೂ ರೈಲು ಬೇಕೆಂಬುದು ನ್ಯಾಯವಾದ ಬೇಡಿಕೆಯೇ. ಅದನ್ನು ನಾವು ಹಗುರಾಗಿ ಕಾಣುವುದಿಲ್ಲ. ಆದರೆ ಬ್ಯಾಲರ್ಡರ ನಿಯಮದಿಂದ ಅಳೆದರೆ, ಸ್ಥಳವೂ ಅನುಮತಿಯೂ ಒದಗದ ಕೆಲಸವನ್ನು ಪಟ್ಟಿಗೆ ಸೇರಿಸಿದ್ದೇ ಮೊದಲ ತಪ್ಪು. ಮುಂದಿಲ್ಲದ ಮಾರ್ಗಕ್ಕೆ ಹಾಕಿದ ಏರಿಯು ಓನೋ ಅವರ ಎಣಿಕೆಯಲ್ಲಿ ಅಕಾಲದ ಉತ್ಪಾದನೆ. ಪೋಲುಗಳಲ್ಲೆಲ್ಲ ಅದೇ ಕೆಟ್ಟದ್ದೆಂದು ಅವರು ಭಾವಿಸಿದ್ದರು.

ಆದುದರಿಂದ ನಮ್ಮ ಆಕ್ಷೇಪ ಪದ್ಧತಿಯ ಮೇಲಲ್ಲ, ಅದರ ಎಲ್ಲೆಯನ್ನು ಗುತ್ತಿಗೆ ಕೊಟ್ಟ ದಿನದಿಂದ ಎಳೆಯುವ ರೂಢಿಯ ಮೇಲೆ. ವಾರದ ಸಭೆಗೆ ಮೇಸ್ತ್ರಿಯನ್ನು ಕರೆದು ಕೂರಿಸಿದ್ದು ದೊಡ್ಡ ಸುಧಾರಣೆಯೇ ಸರಿ. ಆದರೆ ಜೋಯಿಡಾದ ಕಾಡಿನಲ್ಲಿ ಬಾಳುವ ಕುಣಬಿಗಳೂ ಗೌಳಿಗಳೂ ಸಿದ್ದಿಗಳೂ ಆ ಸಭೆಯಲ್ಲಿಲ್ಲ. ಯಾವ ಹಳ್ಳ ಮಳೆಗಾಲದಲ್ಲಿ ದಿಕ್ಕು ಬದಲಿಸುತ್ತದೆಂಬುದು ಎಂಜಿನಿಯರಿಗಿಂತ ಮೊದಲು ತಿಳಿದಿರುವುದು ಅವರಿಗೆ.