ದೂರದ ಬೆಟ್ಟ, ಪಕ್ಕದ ಕೇರಿ

‘ದೂರದ ಬೆಟ್ಟ ನುಣ್ಣಗೆ’ ಎಂಬುದು ಹಿರಿಯರ ಮಾತು. ಕಲ್ಲುಬೆಟ್ಟಗಳ ನಡುವೆ ಬದುಕುವ ಚಿತ್ರದುರ್ಗದವರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳಿಂದ ಹೊರದೇಶಕ್ಕೆ ಹೋದ ಮಕ್ಕಳು ಚುನಾವಣೆಯ ದಿನಗಳಲ್ಲಿ ದೂರವಾಣಿಯ ಮೂಲಕ ನಾಡಿನ ಭವಿಷ್ಯವನ್ನು ಖಚಿತವಾಗಿ ನುಡಿಯುವಾಗ ನನಗೆ ಈ ಗಾದೆ ನೆನಪಾಗುತ್ತದೆ. ಕೇಳುವ ತಂದೆತಾಯಿಯರು ಸಾಮಾನ್ಯವಾಗಿ ಮೌನವಾಗಿರುತ್ತಾರೆ. ದೂರವಿದ್ದವರಿಗೆ ತಾಯ್ನಾಡಿನ ರಾಜಕೀಯ ಎಷ್ಟು ಕಾಣುತ್ತದೆ? ಈ ಪ್ರಶ್ನೆಯೊಡನೆ ರಾಜಾರಾವ್ ಅವರ ‘ಕಾಂತಾಪುರ’ ಕಾದಂಬರಿಯನ್ನು ಮತ್ತೆ ಓದಿದೆ.

1908ರಲ್ಲಿ ಹಾಸನದಲ್ಲಿ ಜನಿಸಿದ ರಾಜಾರಾವ್ 1929ರಲ್ಲಿ ವ್ಯಾಸಂಗಕ್ಕಾಗಿ ಫ್ರಾನ್ಸಿಗೆ ತೆರಳಿದರು. ಗಾಂಧೀಜಿಯವರ ಚಳವಳಿ ಹಳ್ಳಿಹಳ್ಳಿಯನ್ನು ಹೊಕ್ಕ ಬಗೆಯನ್ನು ಅಲ್ಲಿದ್ದುಕೊಂಡೇ ಇಂಗ್ಲಿಷಿನಲ್ಲಿ ಬರೆದರು. ಕೃತಿ 1938ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಯಿತು. ಭಾಷೆ ಪರಕೀಯವಾದರೂ ಕಥೆ ಹೇಳುವವಳು ನಮ್ಮವಳೇ ಆದ ಅಚ್ಚಕ್ಕನೆಂಬ ಅಜ್ಜಿ. ಗಾಂಧೀಜಿ ಕಾಂತಾಪುರಕ್ಕೆ ಬರುವುದು ಭಾಷಣದ ಮೂಲಕವಲ್ಲ, ಹರಿಕಥೆಯ ಮೂಲಕ. ವಿಧವೆಯರು ಸತ್ಯಾಗ್ರಹಿಗಳಾಗುತ್ತಾರೆ, ಹೆಂಡದ ತೋಪಿನೆದುರು ಲಾಠಿಯೇಟು ತಿನ್ನುತ್ತಾರೆ.

ಪುಸ್ತಕ ಪ್ರಕಟವಾದ ಮರುವರ್ಷ, 1939ರಲ್ಲಿ, ನಮ್ಮ ತುರುವನೂರಿನಲ್ಲಿ ಸತ್ಯಾಗ್ರಹಿಗಳು ಈಚಲು ಮರಗಳನ್ನು ಕಡಿದು ಸೆರೆಮನೆ ಸೇರಿದರು. ಎಸ್. ನಿಜಲಿಂಗಪ್ಪನವರು ಆ ಹೋರಾಟದ ಮುಂಚೂಣಿಯಲ್ಲಿದ್ದರು. ಲೇಖಕರು ಇದನ್ನು ಮುಂಗಂಡಿದ್ದರೆಂದು ಹೇಳಲಾಗದು. ಹೆಂಡದ ವಿರುದ್ಧದ ಚಳವಳಿ ಅದಕ್ಕೆ ಮೊದಲೇ ದೇಶದಲ್ಲಿ ಹಬ್ಬಿತ್ತು. ಆದರೂ ಕಡಲಾಚೆಯಿಂದ ಅವರು ಕಂಡ ಚಿತ್ರ ಸುಳ್ಳಾಗಿರಲಿಲ್ಲ ಎಂಬುದಕ್ಕೆ ತುರುವನೂರು ಸಾಕ್ಷಿ.

ಹಾಗಾದರೆ ಕೊರತೆ ಎಲ್ಲಿದೆ? ಕಡಲಿನ ದೂರದಲ್ಲಲ್ಲ, ಕೇರಿಯ ದೂರದಲ್ಲಿ. ಬ್ರಾಹ್ಮಣ ಯುವಕ ಮೂರ್ತಿ ಮೊದಲ ಬಾರಿಗೆ ದಲಿತನಾದ ರಾಚಣ್ಣನ ಮನೆಯೊಳಗೆ ಕಾಲಿಟ್ಟಾಗ ರಾಚಣ್ಣನ ಹೆಂಡತಿ ಹಾಲು ಕೊಡುತ್ತಾಳೆ. ಅದನ್ನು ತುಟಿಗೆ ತಾಗಿಸಲು ಅವನು ಹಿಂಜರಿಯುತ್ತಾನೆ. ನಾಯಕನ ಈ ದೌರ್ಬಲ್ಯವನ್ನು ಮುಚ್ಚಿಡದಿರುವುದು ಲೇಖಕರ ಪ್ರಾಮಾಣಿಕತೆ. ಆದರೆ ಹಾಲು ಕೊಟ್ಟವಳ ವಿನಯ ಕಾಣುತ್ತದೆಯೇ ಹೊರತು, ಆ ವಿನಯದ ಹಿಂದಿನ ನೋವು ಕಾಣುವುದಿಲ್ಲ. ಏಕೆಂದರೆ ಕಥೆ ಹೇಳುವ ಅಚ್ಚಕ್ಕ ಬ್ರಾಹ್ಮಣರ ಬೀದಿಯವಳು. ಸಾವಿರಾರು ಮೈಲಿಗಳನ್ನು ದಾಟಿ ಬಂದ ಕಲ್ಪನೆ, ಒಂದು ಬೀದಿಯನ್ನು ದಾಟಲಾರದೆ ನಿಂತುಬಿಟ್ಟಿತು.

ಕೃತಿಯ ಕೊನೆ ಇನ್ನಷ್ಟು ಚಿಂತನೆಗೆ ಹಚ್ಚುತ್ತದೆ. ಸೆರೆಮನೆಯಿಂದ ಬಿಡುಗಡೆಯಾದ ಮೂರ್ತಿ ಊರಿಗೆ ಮರಳುವುದಿಲ್ಲ. ಗಾಂಧೀಜಿಯ ದಾರಿಯಲ್ಲಿ ನಂಬಿಕೆ ಸಡಿಲವಾಗಿ ಜವಾಹರಲಾಲರ ಕಡೆಗೆ ತಿರುಗಿರುವುದಾಗಿ ಪತ್ರ ಬರೆಯುತ್ತಾನೆ. ಅವನ ಮಾತು ನಂಬಿ ಏಟು ತಿಂದ ಹೆಂಗಸರು ಅಷ್ಟರಲ್ಲಿ ಮನೆಮಠ ಕಳೆದುಕೊಂಡು ಪರಸ್ಥಳ ಸೇರಿದ್ದಾರೆ. ದೂರದಲ್ಲಿರುವವನಿಗೆ ಸಿದ್ಧಾಂತವನ್ನು ಬದಲಿಸಲು ಒಂದು ಪತ್ರ ಸಾಕು. ಆ ಸಿದ್ಧಾಂತಕ್ಕೆ ಬೆಲೆ ತೆತ್ತವರು ಊರನ್ನೇ ಕಳೆದುಕೊಂಡಿರುತ್ತಾರೆ. ಕಾದಂಬರಿಯ ಅತ್ಯಂತ ಆಳವಾದ ಸತ್ಯ ಇದೇ ಎಂದು ನನ್ನ ಅಭಿಪ್ರಾಯ. ಅದನ್ನು ಮೂರ್ತಿಯ ಬಾಯಿಂದ ಹೇಳಿಸದೆ, ನೊಂದು ಉಳಿದ ಅಜ್ಜಿಯ ಬಾಯಿಂದ ಹೇಳಿಸಿದ್ದರಿಂದಲೇ ಕೃತಿ ಇಂದಿಗೂ ಬದುಕಿದೆ.

ರಾಜಾರಾವ್ 2006ರಲ್ಲಿ ಅಮೆರಿಕದ ಆಸ್ಟಿನ್ ನಗರದಲ್ಲಿ ನಿಧನರಾದರು. ಹೊರನಾಡಿನಲ್ಲೇ ಬಹುಕಾಲ ಬಾಳಿದ ಅವರಿಗೆ ತಾಯ್ನಾಡನ್ನು ಕುರಿತು ಮಾತನಾಡುವ ಹಕ್ಕಿರಲಿಲ್ಲವೆಂದು ಯಾರೂ ಹೇಳಲಾರರು. ನಮ್ಮ ಮಕ್ಕಳಿಗೂ ಆ ಹಕ್ಕಿದೆ. ಆದರೆ ಮುಂದಿನ ಬಾರಿ ಅವರು ದೂರವಾಣಿ ಮಾಡಿದಾಗ, ಯಾರು ಗೆಲ್ಲುತ್ತಾರೆಂದು ಹೇಳುವ ಮೊದಲು, ಮನೆಯ ಮುಂದಿನ ನಲ್ಲಿಯಲ್ಲಿ ನೀರು ಬರುತ್ತಿದೆಯೇ ಎಂದು ಅಮ್ಮನನ್ನು ಕೇಳಲಿ. ಊರಿನಲ್ಲೇ ಉಳಿದ ನಾವೂ ಒಂದು ಪ್ರಶ್ನೆ ಕೇಳಿಕೊಳ್ಳೋಣ: ಪಕ್ಕದ ಕೇರಿಯ ಮನೆಯೊಂದರಲ್ಲಿ ಕುಳಿತು, ಕೊಟ್ಟದ್ದನ್ನು ಹಿಂಜರಿಯದೆ ಕುಡಿದು, ಅವರ ಮಾತನ್ನು ಕೊನೆಯವರೆಗೆ ಕೇಳಿ ಎಷ್ಟು ವರ್ಷವಾಯಿತು?